ಕಾಫಿ ಸೀಮೆಯ ಅನ್ನ ಬೆಳ್ಳಗಾದ ಬಗೆ

ಮಲೆನಾಡಿನ ಅನ್ನದ ಬಣ್ಣ ಬದಲಿಸಿದ ಯಂತ್ರ ಹುಟ್ಟಿದ್ದು ಕಾಫಿಗಾಗಿ. 1885ರಲ್ಲಿ ಬ್ರೆಜಿಲ್ ದೇಶದ ಎಂಜಿನಿಯರ್ ಎವರಿಸ್ಟೊ ಕೊನ್ರಾಡೊ ಎಂಗೆಲ್‌ಬರ್ಗ್ ಒಣ ಕಾಫಿಯ ಸಿಪ್ಪೆ ಬಿಡಿಸುವ ಹಲ್ಲರ್ ಒಂದನ್ನು ರೂಪಿಸಿದ. ಮೈತುಂಬ ಏಣುಗಳಿರುವ ಕಬ್ಬಿಣದ ಉರುಳೆ, ಅದರ ಕೆಳಗೆ ಜಾಲರಿ, ಪಕ್ಕದಲ್ಲೊಂದು ಅಲಗು. ಒಂದು ತುದಿಯಲ್ಲಿ ಸುರಿದ ಕಾಳು ತಿಕ್ಕಿಸಿಕೊಂಡು, ಒಂದನ್ನೊಂದು ಉಜ್ಜಿಕೊಂಡು ಇನ್ನೊಂದು ತುದಿಯಲ್ಲಿ ಸಿಪ್ಪೆ ಕಳಚಿ ಬೀಳುತ್ತಿತ್ತು. ಭತ್ತಕ್ಕೂ ಅದೇ ಯಂತ್ರ ಹೊಂದಿತು. 1888ರಲ್ಲಿ ಅಮೆರಿಕದ ಸಿರಕ್ಯೂಸ್ ನಗರದಲ್ಲಿ ಅವನ ಹೆಸರಿನ ಕಂಪನಿ ಶುರುವಾಯಿತು. ಮುಂದಿನ ದಶಕಗಳಲ್ಲಿ ಆ ಮಾದರಿಯ ಹಲ್ಲರುಗಳು ಏಷ್ಯಾದ ಹಳ್ಳಿಹಳ್ಳಿಗೂ ಇಳಿದವು. ಕಾಫಿ ಮತ್ತು ಭತ್ತ ಎರಡನ್ನೂ ಬೆಳೆಯುವ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಿಗೂ ಬಂದವು.

ಹಲ್ಲರ್ ಮಾಡಿದ ದೊಡ್ಡ ಬದಲಾವಣೆ ವೇಗದ್ದಷ್ಟೇ ಆಗಿರಲಿಲ್ಲ. ಭತ್ತದ ಹೊರಗಿನ ಉಮಿ, ಅದರೊಳಗೆ ಅಕ್ಕಿಗೆ ಅಂಟಿಕೊಂಡ ತೌಡು, ಈ ಎರಡನ್ನೂ ಅದು ಒಂದೇ ಉಸಿರಿಗೆ ಕಿತ್ತು ಹಾಕಿತು. ಅಕ್ಕಿಯ ಮೇಲೆ ಎಷ್ಟು ತೌಡು ಉಳಿಯಬೇಕು ಎಂದು ಅಲ್ಲಿಯವರೆಗೆ ಒನಕೆ ಹಿಡಿದ ಹೆಂಗಸು ತೀರ್ಮಾನಿಸುತ್ತಿದ್ದಳು. ಆಮೇಲೆ ಅದನ್ನು ಮಿಲ್ಲು ತೀರ್ಮಾನಿಸಿತು, ಮಿಲ್ಲಿನ ನಂತರ ಪೇಟೆ, ಪೇಟೆಯ ನಂತರ ಪಡಿತರದ ಅಂಗಡಿ. ಬಿಳಿ ಅಕ್ಕಿ ಒಳ್ಳೆಯದೋ ಕೆಂಪಕ್ಕಿ ಒಳ್ಳೆಯದೋ ಎಂದು ಇವತ್ತು ಈ ಊರುಗಳ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಯ ಬೆನ್ನಿಗೆ ಈ ಕೈ ಬದಲಾವಣೆಯ ಕತೆ ಇದೆ.

ಒನಕೆಯ ಕಾಲದ ಲೆಕ್ಕ

ಕಾಫಿ ಸೀಮೆಯಲ್ಲಿ ಇಳಿಜಾರಿಗೆ ತೋಟ, ಎರಡು ಗುಡ್ಡಗಳ ನಡುವಿನ ತಗ್ಗಿಗೆ ಗದ್ದೆ. ಮುಂಗಾರು ಹಿಡಿದ ಮೇಲೆ ಸಸಿಮಡಿ, ಜುಲೈ-ಆಗಸ್ಟಿನ ಜಡಿಮಳೆಯಲ್ಲಿ ನಾಟಿ, ಡಿಸೆಂಬರಿನ ಹೊತ್ತಿಗೆ ಕೊಯ್ಲು. ವರ್ಷಕ್ಕೆ ಒಂದೇ ಬೆಳೆ. ಒಕ್ಕಣೆ ಮುಗಿದ ಭತ್ತ ಪಣತಕ್ಕೋ ಕಣಜಕ್ಕೋ ಸೇರುತ್ತಿತ್ತು. ಇಲ್ಲಿ ಕೂಡಿಡುತ್ತಿದ್ದುದು ಭತ್ತವನ್ನೇ ಹೊರತು ಅಕ್ಕಿಯನ್ನಲ್ಲ. ಅದಕ್ಕೆ ಗಟ್ಟಿ ಕಾರಣವಿತ್ತು. ತೌಡಿನಲ್ಲಿ ಎಣ್ಣೆಯಂಶ ಇರುತ್ತದೆ. ಉಮಿ ಕಳಚಿದ ಕೂಡಲೇ ಆ ಎಣ್ಣೆ ಗಾಳಿಗೆ ಒಡ್ಡಿಕೊಂಡು ಕೆಡಲು ಶುರುವಾಗುತ್ತದೆ. ತಿಂಗಳುಗಟ್ಟಲೆ ಬಿಸಿಲು ಕಾಣದ ಮಲೆನಾಡಿನ ಮಳೆಗಾಲದಲ್ಲಿ ತೌಡಿರುವ ಅಕ್ಕಿ ಮುಗ್ಗಲು ವಾಸನೆ ಹಿಡಿಯಲು, ಹುಳು ಬೀಳಲು ಹೆಚ್ಚು ದಿನ ಬೇಡ. ಹಾಗಾಗಿ ಬೇಕಾದಾಗ ಬೇಕಾದಷ್ಟು ಭತ್ತ ತೆಗೆದು, ಒಣಗಿಸಿ, ಕುಟ್ಟಿಕೊಳ್ಳುವುದೇ ಪದ್ಧತಿ.

ಕುಟ್ಟುವುದಕ್ಕೂ ಹಂತಗಳಿದ್ದವು. ಮೊದಲ ಸುತ್ತಿನಲ್ಲಿ ಉಮಿ ಬಿಡುತ್ತಿತ್ತು. ಮೊರದಲ್ಲಿ ಕೇರಿ ಉಮಿ ಹಾರಿಸಿದರೆ ಉಳಿಯುವುದು ಕೆಂಪಗೋ ಕಂದಾಗಿಯೋ ಇರುವ ಇಡೀ ಅಕ್ಕಿ. ಅದನ್ನು ಮತ್ತೆ ಒರಳಿಗೆ ಹಾಕಿ ತಳಿಸಿದರೆ ತೌಡು ಪದರಪದರವಾಗಿ ಉದುರುತ್ತದೆ. ಎಷ್ಟು ತಳಿಸಬೇಕೆಂಬುದು ಆ ದಿನದ ಅಗತ್ಯಕ್ಕೆ ಬಿಟ್ಟದ್ದು. ಮನೆಮಂದಿಯ ಗಂಜಿಗೆ, ಆಳುಕಾಳಿನ ಊಟಕ್ಕೆ ಅರೆಬರೆ ತಳಿಸಿದರೂ ಸಾಕು. ನೆಂಟರಿಗೆ, ಹಬ್ಬಕ್ಕೆ, ಪಾಯಸಕ್ಕೆ ಇನ್ನಷ್ಟು ಪೆಟ್ಟು. ತೌಡು ಹಸುವಿನ ಕಲಗಚ್ಚಿಗೆ, ನುಚ್ಚು ಗಂಜಿಗೆ ಇಲ್ಲವೇ ಕೋಳಿಗೆ, ಉಮಿ ಒಲೆಗೆ. ಸುಟ್ಟ ಉಮಿಯ ಕರಿ ಹಲ್ಲುಜ್ಜಲು. ಒಂದು ಕಾಳಿನ ಯಾವ ಭಾಗವೂ ಮನೆಯ ಗಡಿ ದಾಟುತ್ತಿರಲಿಲ್ಲ.

ಭತ್ತವನ್ನು ಹಸಿಯಾಗಿಯೇ ಕುಟ್ಟಿದರೆ ಬೆಳ್ತಿಗೆ. ಮೊದಲು ಹಂಡೆಯಲ್ಲಿ ಕುದಿಸಿ, ನೀರು ಬಸಿದು, ಅಂಗಳದಲ್ಲಿ ಒಣಗಿಸಿ ಆಮೇಲೆ ಕುಟ್ಟಿದರೆ ಕುಚ್ಚಲಕ್ಕಿ. ಈ ಎರಡು ದಾರಿ ಬಹಳ ಹಳೆಯವು. ಟಿಪ್ಪು ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣದ ಸುತ್ತ ಎರಡೂ ಬಗೆಯ ಅಕ್ಕಿಯನ್ನು ಕಂಡು, ಮಾಡುವ ವಿಧಾನ ಸಹಿತ ಬರೆದಿಟ್ಟ. ಬೇಯಿಸದ ಭತ್ತದ ಅಕ್ಕಿ ಬ್ರಾಹ್ಮಣರ ಅಡುಗೆಗೆ ಸಲ್ಲುತ್ತಿದ್ದುದನ್ನೂ ಅವನು ಗುರುತಿಸಿದ್ದಾನೆ. ಒಮ್ಮೆ ಬೆಂದದ್ದು ನೈವೇದ್ಯಕ್ಕೂ ಅಕ್ಷತೆಗೂ ಬಾರದು ಎಂಬ ಮಡಿಯ ಲೆಕ್ಕ ಅದರ ಹಿಂದಿತ್ತು. ಹೀಗೆ ಬೆಳ್ಳನೆಯ ಅಕ್ಕಿಗೆ ದೇವರ ಮನೆಯ ಗೌರವ ಸಿಕ್ಕಿತು. ಕಳಸದಿಂದ ಸುಮಾರು 8 ಕಿಲೋಮೀಟರ್ ದೂರದ ಹೊರನಾಡು ಅನ್ನಪೂರ್ಣೇಶ್ವರಿಯ ಸನ್ನಿಧಿ. ಬಂದವರಿಗೆಲ್ಲ ಅನ್ನ ಬಡಿಸುವುದೇ ಅಲ್ಲಿನ ಮುಖ್ಯ ಸೇವೆ. ಇಂಥ ಕ್ಷೇತ್ರಗಳ ಪಂಕ್ತಿಯಲ್ಲಿ ಎಲೆಯ ಮೇಲೆ ಬೀಳುವ ಬಿಳಿ ಅನ್ನ ಹಬ್ಬದ ಅನ್ನ ಹೇಗಿರಬೇಕೆಂಬ ಕಲ್ಪನೆಯನ್ನೂ ಮನಸ್ಸಿನಲ್ಲಿ ಗಟ್ಟಿ ಮಾಡಿತು.

ಮಡಿ ಬಿಟ್ಟು ನಾಲಿಗೆಯ ಲೆಕ್ಕಕ್ಕೆ ಬಂದರೂ ಎರಡು ಅಕ್ಕಿಗೂ ಬೇರೆಬೇರೆ ಕೆಲಸವಿತ್ತು. ಮೂಡಿಗೆರೆಯ ಮನೆಗಳ ಬೆಳಗಿನ ಅಕ್ಕಿ ರೊಟ್ಟಿಗೆ ಬೆಳ್ತಿಗೆ ಅಕ್ಕಿಯ ಹಿಟ್ಟೇ ಬೇಕು. ಕುಚ್ಚಲಕ್ಕಿಯ ಹಿಟ್ಟು ಅಂಗೈಯಲ್ಲಿ ಹಾಗೆ ಹರಡಿಕೊಳ್ಳುವುದಿಲ್ಲ. ಅಕ್ಕಿ ತರಿಯ ಕಡುಬು, ಒತ್ತು ಶಾವಿಗೆ, ನೀರು ದೋಸೆಗೂ ಬೆಳ್ತಿಗೆಯೇ. ಗಂಜಿ ಮಾತ್ರ ಕುಚ್ಚಲಕ್ಕಿಯದು. ಎಷ್ಟು ಬೇಯಿಸಿದರೂ ಕಾಳು ಕಾಳಾಗಿ ನಿಲ್ಲುವ, ಅಗಿದಷ್ಟೂ ಸಿಹಿಯಾಗುವ ಆ ಅನ್ನದ ಜೊತೆಗೆ ತಿಳಿಗಂಜಿ, ಉಪ್ಪು, ಒಂದು ಮಿಡಿ ಉಪ್ಪಿನಕಾಯಿ ಇಲ್ಲವೇ ಸುಟ್ಟ ಒಣಮೀನು. ಬೆಳಿಗ್ಗೆ ರೊಟ್ಟಿ ಕಳಲೆ ಪಲ್ಯ, ರಾತ್ರಿ ಗಂಜಿ ಚಟ್ನಿ ಎಂದು ಒಂದೇ ಮನೆಯಲ್ಲಿ ಎರಡೂ ಅಕ್ಕಿ ಹೊಂದಿಕೊಂಡಿದ್ದವು. ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕೆಂಬ ಒತ್ತಾಯ ಯಾರಿಗೂ ಇರಲಿಲ್ಲ.

ಘಟ್ಟ ಹತ್ತಿದ ಅಕ್ಕಿ

ಬಯಲುಸೀಮೆಯ ಕಡೆ ವಾಲಿದ ಚಿಕ್ಕಮಗಳೂರಿನಲ್ಲಿ ರಾಗಿಮುದ್ದೆಯ ಪಕ್ಕ ಬೆಳ್ತಿಗೆ ಅನ್ನ, ಪಶ್ಚಿಮದ ಅಂಚಿನ ಕಳಸದಲ್ಲಿ ಕುಚ್ಚಲಕ್ಕಿ. ಈ ವ್ಯತ್ಯಾಸಕ್ಕೆ ಭೂಗೋಳದಷ್ಟೇ ಇತಿಹಾಸವೂ ಕಾರಣ. ಕಳಸ ಮತ್ತು ಕಾರ್ಕಳ ಒಂದೇ ರಾಜ್ಯದ ಎರಡು ತುದಿಗಳಾಗಿದ್ದ ಕಾಲವಿತ್ತು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನ ಭೈರರಸ ಮನೆತನದ ಆಳ್ವಿಕೆ ಘಟ್ಟದ ಮೇಲಿನ ಕಳಸವನ್ನೂ ಕೆಳಗಿನ ಕಾರ್ಕಳವನ್ನೂ ಒಟ್ಟಿಗೆ ಹಿಡಿದಿತ್ತು. ಘಟ್ಟದ ದಾರಿಗಳಲ್ಲಿ ಉಪ್ಪು ಮೇಲೆ ಬರುತ್ತಿತ್ತು, ಮೆಣಸು ಅಡಿಕೆ ಕೆಳಗಿಳಿಯುತ್ತಿತ್ತು. ದೈವ, ನೆಂಟಸ್ತಿಕೆ, ಮಾತು, ಊಟ ಎಲ್ಲವೂ ಅದೇ ದಾರಿಗಳಲ್ಲಿ ಓಡಾಡಿದವು.

ಕಾಫಿ ಈ ಓಡಾಟವನ್ನು ಹಲವು ಪಟ್ಟು ಹೆಚ್ಚಿಸಿತು. ಬಾಬಾಬುಡನ್ ಗಿರಿಯ ಹಿತ್ತಲುಗಳಲ್ಲಿದ್ದ ಗಿಡವನ್ನು 19ನೇ ಶತಮಾನದ ಮೊದಲರ್ಧದಲ್ಲಿ ಥಾಮಸ್ ಕ್ಯಾನನ್‌ನಂಥ ಯುರೋಪಿಯನ್ನರು ದೊಡ್ಡ ತೋಟದ ಬೆಳೆಯಾಗಿಸಿದರು. ಸ್ಥಳೀಯ ಜಮೀನ್ದಾರರೂ ರೈತರೂ ಕೈಹಾಕಿದರು. ಆಗಿನ ಕಡೂರು ಜಿಲ್ಲೆಯ ಕಾಡು ಕಡಿದು ನೆರಳುಮರ ಉಳಿಸಿ ಗಿಡ ನೆಡಲು, ಹಣ್ಣು ಕೊಯ್ಯಲು ಇಲ್ಲಿನ ಜನ ಸಾಲಲಿಲ್ಲ. ತುಳುನಾಡಿನಲ್ಲಿ ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ ಸಂಸಾರ ಸಮೇತ ಘಟ್ಟ ಹತ್ತುವುದು, ಮಳೆ ಹಿಡಿಯುವ ಮೊದಲು ಇಳಿಯುವುದು ತಲೆಮಾರುಗಳ ರೂಢಿಯಾಯಿತು. ಮೇಸ್ತ್ರಿ ಮುಂಗಡ ಕೊಟ್ಟು ಆಳು ಕರೆತರುತ್ತಿದ್ದ. ತೋಟದ ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಒಲೆ ಹೊತ್ತುತ್ತಿತ್ತು.

ಆ ಒಲೆಯ ಮೇಲೆ ಕುಚ್ಚಲಕ್ಕಿ. ಬೆಳಿಗ್ಗೆ ಗಂಜಿ ಕುಡಿದು ಇಬ್ಬನಿಯಲ್ಲಿ ಗಿಡಗಳ ನಡುವೆ ಇಳಿದವರಿಗೆ ಮಧ್ಯಾಹ್ನದವರೆಗೆ ಹಸಿವು ತಡೆಯುವ ಅಕ್ಕಿ ಬೇಕಿತ್ತು. ಬೆಳ್ತಿಗೆ ಅನ್ನ ಉಂಡರೆ ಬೇಗ ಹಸಿವಾಗುತ್ತದೆ ಎಂದು ಇಲ್ಲಿನ ದುಡಿಯುವ ಜನ ಈಗಲೂ ಹೇಳುವುದುಂಟು. ತೋಟದಿಂದ ಸಿಗುವ ಪಡಿಯಲ್ಲಿ, ವಾರದ ಸಂತೆಯಲ್ಲಿ, ಪೇಟೆಯ ದಿನಸಿ ಅಂಗಡಿಯಲ್ಲಿ ಕುಚ್ಚಲಕ್ಕಿಗೆ ಖಾಯಂ ಜಾಗವಾಯಿತು. ಈಗ ಘಟ್ಟದ ಕೆಳಗಿನಿಂದ ಬರುವವರು ಕಡಿಮೆ. ಲೈನುಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದ ಕುಟುಂಬಗಳಿವೆ. ಬಂಗಾಳ, ಜಾರ್ಖಂಡಿನ ಹಳ್ಳಿಗಳಲ್ಲೂ ದಿನದ ಅನ್ನ ಭತ್ತ ಬೇಯಿಸಿ ಮಾಡಿದ ಅಕ್ಕಿಯದೇ. ಬೆಟ್ಟದ ಊರಿಗೆ ದುಡಿಯಲು ಬಂದವರ ರುಚಿ ಎರಡನೇ ಸಲವೂ ಅದೇ ಅಕ್ಕಿಯನ್ನು ಕೇಳುತ್ತಿದೆ.

ಜಾವಾದ ಕೋಳಿ, ಕೂನೂರಿನ ಪ್ರಯೋಗಾಲಯ

ತೌಡು ಕಳೆದ ಅಕ್ಕಿ ಏನು ಮಾಡಬಲ್ಲದು ಎಂಬುದು ಮೊದಲು ಗೊತ್ತಾದದ್ದು ಜಾವಾ ದ್ವೀಪದಲ್ಲಿ. 1890ರ ದಶಕದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅಲ್ಲಿ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ. ಕಾಲು ಸೋಲುವುದು, ಮೈ ಊದುವುದು, ಹೃದಯ ಕುಸಿಯುವುದು ಅದರ ಲಕ್ಷಣ. ಸೋಂಕು ಎಂದೇ ಎಲ್ಲರ ನಂಬಿಕೆ. ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳು ಹಾಗೆಯೇ ಕಾಲು ಸೋತು ಬಿದ್ದವು. ತೌಡಿರುವ ಅಕ್ಕಿಗೆ ಬದಲಾದ ಮೇಲೆ ಎದ್ದು ನಿಂತವು. ಜಾವಾದ ಸೆರೆಮನೆಗಳಲ್ಲಿ ವಿಚಾರಿಸಿದಾಗ ಪಾಲಿಶ್ ಅಕ್ಕಿ ಕೊಡುವ ಕಡೆಗಳಲ್ಲೇ ಬೆರಿಬೆರಿ ಹೆಚ್ಚಾಗಿ ಕಂಡಿತು. 1926ರಲ್ಲಿ ಯಾನ್ಸೆನ್ ಮತ್ತು ಡೊನಾಟ್ ಅಕ್ಕಿಯ ತೌಡಿನಿಂದ ಆ ಜೀವಸತ್ವವನ್ನು ಬೇರ್ಪಡಿಸಿದರು. ಇವತ್ತು ಅದು ಥಯಾಮಿನ್, ಬಿ1. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ಪಶ್ಚಿಮ ಘಟ್ಟದ ಇನ್ನೊಂದು ಬೆಟ್ಟದೂರು ನೀಲಗಿರಿಯ ಕೂನೂರು. ರಾಬರ್ಟ್ ಮೆಕ್‌ಕ್ಯಾರಿಸನ್ ಅಲ್ಲಿ ಕಟ್ಟಿದ ಪೋಷಣಾ ಪ್ರಯೋಗಾಲಯದಲ್ಲಿ ಭಾರತದ ಅಕ್ಕಿಯ ಪ್ರಶ್ನೆ ಗಂಭೀರ ಅಧ್ಯಯನವಾಯಿತು. ಅವನ ನಂತರ 1935ರಲ್ಲಿ ಬಂದ ಡಬ್ಲ್ಯು. ಆರ್. ಅಯ್ಕ್‌ರಾಯ್ಡ್ ಒಂದು ಒಗಟು ಬಿಡಿಸಿದ. ಮಿಲ್ಲಿನ ಅಕ್ಕಿ ಉಣ್ಣುವ ಪ್ರದೇಶಗಳು ಹಲವಿದ್ದರೂ ಬೆರಿಬೆರಿ ಮುಖ್ಯವಾಗಿ ಕಾಡಿದ್ದು ಆಂಧ್ರದ ಉತ್ತರ ಕರಾವಳಿಯನ್ನು. ಯಾಕೆಂದರೆ ಅಲ್ಲಿ ತಿನ್ನುತ್ತಿದ್ದುದು ಮಿಲ್ಲಿನ ಬೆಳ್ತಿಗೆ. ಪಶ್ಚಿಮ ಕರಾವಳಿಯೂ ಸೇರಿ ಉಳಿದ ಅನೇಕ ಕಡೆ ಕುಚ್ಚಲಕ್ಕಿ ರೂಢಿಯಲ್ಲಿತ್ತು. ಭತ್ತ ನೆನೆದು ಬೇಯುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳು ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತವೆ. ಆಮೇಲೆ ತೌಡು ತೆಗೆದರೂ ಒಂದು ಪಾಲು ಒಳಗೇ ಉಳಿಯುತ್ತದೆ. ಜೊತೆಗೆ ಕಾಳಿನ ಬಿರುಕುಗಳು ಬೆಸೆದು ಕುಟ್ಟುವಾಗ ನುಚ್ಚು ಕಡಿಮೆಯಾಗುತ್ತದೆ. ಗಟ್ಟಿಯಾದ ಕಾಳಿಗೆ ಹುಳುವೂ ಸುಲಭವಾಗಿ ಬೀಳುವುದಿಲ್ಲ. ಕಳಸದ ಕಡೆಯ ಅಂಗಳಗಳಲ್ಲಿ ಒಣಗುತ್ತಿದ್ದ ಭತ್ತ ಈ ಎಲ್ಲ ಗುಣ ಪಡೆದೇ ಒರಳಿಗೆ ಹೋಗುತ್ತಿತ್ತು.

ಕೂನೂರಿನ ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಅದು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕ ಮೂರೂ ಅಕ್ಕಿಗಳನ್ನು ಪಕ್ಕಪಕ್ಕ ಇಡುತ್ತದೆ. 100 ಗ್ರಾಂ ಅಕ್ಕಿಯಲ್ಲಿ ನಾರಿನಂಶ ಪಾಲಿಶ್ ಮಾಡದ ಕಂದು ಅಕ್ಕಿಗೆ 4.43 ಗ್ರಾಂ, ಪಾಲಿಶ್ ಆದ ಕುಚ್ಚಲಕ್ಕಿಗೆ 3.74, ಪಾಲಿಶ್ ಆದ ಬೆಳ್ತಿಗೆಗೆ 2.81. ಥಯಾಮಿನ್ ಕ್ರಮವಾಗಿ 0.27, 0.17 ಮತ್ತು 0.05 ಮಿಲಿಗ್ರಾಂ. ಬಿಳಿ ಮತ್ತು ಕಂದಿನ ನಡುವೆ ಮೂರನೆಯದೊಂದು ಇದೆ, ಅದು ಈ ಸೀಮೆಯಲ್ಲಿ ಮೊದಲಿಂದಲೂ ಇತ್ತು.

ಕುಚ್ಚಲಕ್ಕಿಗೆ ಕನ್ನಡ ನಾಡಿನ ವಿಜ್ಞಾನದ ಕೊಡುಗೆಯೂ ಉಂಟು. ಭತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕುವ ಹಳೆಯ ಮಿಲ್ಲುಗಳ ಕ್ರಮದಲ್ಲಿ ಅಕ್ಕಿಗೆ ಹುಳಿತ ವಾಸನೆ ಬರುತ್ತಿತ್ತು. ಆ ವಾಸನೆಯೇ ಹಲವರನ್ನು ಬೆಳ್ತಿಗೆಯತ್ತ ತಳ್ಳಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಬಿಸಿನೀರಿನಲ್ಲಿ ಕೆಲವೇ ಗಂಟೆ ನೆನೆಸಿ ಹಬೆಯಾಡಿಸುವ ವಿಧಾನವನ್ನು ಬೆಳೆಸಿ ಮಿಲ್ಲುಗಳಿಗೆ ಕಲಿಸಿತು. ವಾಸನೆ ಹೋಯಿತು, ಗುಣ ಉಳಿಯಿತು.

ಒನಕೆಗೆ ಕಾನೂನಿನ ಕಾವಲು

ಮಿಲ್ಲಿನ ಅಕ್ಕಿಯ ವಿರುದ್ಧ ದೇಶದಲ್ಲಿ ಗಟ್ಟಿಯಾಗಿ ದನಿ ಎತ್ತಿದವರು ಗಾಂಧೀಜಿ. 1934ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೊದಲ ಕೆಲಸಗಳಲ್ಲಿ ಕೈಕುಟ್ಟು ಅಕ್ಕಿಯ ಪ್ರಚಾರವೂ ಒಂದು. ಅದರ ಹೊಣೆ ಹೊತ್ತವರು ಜೆ. ಸಿ. ಕುಮಾರಪ್ಪ. ತೌಡಿನ ಜೊತೆಗೆ ಹಳ್ಳಿಯ ಬಡ ಹೆಂಗಸರ ದುಡಿಮೆಯೂ ಮಿಲ್ಲಿಗೆ ಹೋಗುತ್ತಿದೆ ಎಂಬುದು ಅವರ ವಾದ. ಸ್ವತಂತ್ರ ಭಾರತ 1958ರಲ್ಲಿ ಅಕ್ಕಿ ಗಿರಣಿ ಉದ್ಯಮ ನಿಯಂತ್ರಣ ಕಾಯ್ದೆ ತಂದು ಹೊಸ ಮಿಲ್ಲುಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಕೈಕುಟ್ಟುವ ಕಸುಬು ಕಾಯುವುದು ಅದರ ಒಂದು ಉದ್ದೇಶ. 1997ರಲ್ಲಿ ಆ ಕಾಯ್ದೆ ರದ್ದಾಯಿತು. ಅಷ್ಟು ಹೊತ್ತಿಗೆ ಒರಳುಗಳು ಜಗಲಿಯ ಮೂಲೆ ಸೇರಿದ್ದವು.

ಒನಕೆ ಹೋದದ್ದಕ್ಕೆ ಕಣ್ಣೀರು ಹಾಕುವ ಮುನ್ನ ಅದನ್ನು ಎತ್ತಿದ ತೋಳುಗಳನ್ನು ನೆನೆಯಬೇಕು. ಕೂಡುಕುಟುಂಬದ ದೊಡ್ಡ ಮನೆಯೊಂದರ ದಿನದ ಅಕ್ಕಿಗೆ ಇಬ್ಬರು ಮೂವರು ಹೆಂಗಸರು ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಕುಟ್ಟಬೇಕಿತ್ತು. ಬಸುರಿ, ಬಾಣಂತಿ ಎಂಬ ವಿನಾಯಿತಿ ಎಲ್ಲ ಮನೆಗಳಲ್ಲಿ ಇರಲಿಲ್ಲ. ಕೂಲಿಗೆ ಕುಟ್ಟುವವರ ಪಾಡು ಇನ್ನೂ ಕಷ್ಟ. 20ನೇ ಶತಮಾನದ ನಡುವಿನಲ್ಲಿ ಡೀಸೆಲ್ ಎಂಜಿನ್ನಿನ, ಆಮೇಲೆ ವಿದ್ಯುತ್ತಿನ ಹಲ್ಲರ್ ಊರಿಗೆ ಬಂದಾಗ ಅದನ್ನು ಮೊದಲು ಸ್ವಾಗತಿಸಿದವರು ಈ ಹೆಂಗಸರೇ. ಗಾಡಿಯಲ್ಲಿ ಭತ್ತದ ಚೀಲ ಹೇರಿ, ಸರದಿ ಕಾದು, ಸಂಜೆಗೆ ಅಕ್ಕಿ ಮಾಡಿಸಿ ತರುವುದು ಅವರ ಪಾಲಿಗೆ ಬಿಡುಗಡೆಯಾಗಿತ್ತು.

ಕೊರತೆ ಇದ್ದದ್ದು ಯಂತ್ರದ ರಚನೆಯಲ್ಲಿ. ಹಲ್ಲರಿನಲ್ಲಿ ಉಮಿ ಬಿಡಿಸುವುದೂ ತೌಡು ತೆಗೆಯುವುದೂ ಒಂದೇ ಕೆಲಸ, ಎರಡನ್ನೂ ಬೇರ್ಪಡಿಸಲಾಗದು. ಬೆಳ್ತಿಗೆ ಭತ್ತ ಹಾಕಿದರೆ ನುಚ್ಚು ಹೆಚ್ಚು. ತೌಡು ಉಮಿಯ ಪುಡಿಯೊಂದಿಗೆ ಬೆರೆತು ಹಸುವಿಗೂ ಅಷ್ಟು ರುಚಿಸದು. 100 ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಉಮಿ. ಅದನ್ನಷ್ಟೇ ತೆಗೆದು ನಿಲ್ಲಿಸಿದರೆ 80 ಕಿಲೋದಷ್ಟು ಕಂದು ಅಕ್ಕಿ ಸಿಗಬೇಕು. ಹಾಗೆ ನಿಲ್ಲಿಸಬಲ್ಲ ರಬ್ಬರ್ ಉರುಳೆಯ ಯಂತ್ರ ಬಂದದ್ದು ಬಹಳ ತಡವಾಗಿ, ಅದೂ ದೊಡ್ಡ ಮಿಲ್ಲುಗಳಿಗೆ. ಅಷ್ಟರಲ್ಲಿ ಎರಡು ತಲೆಮಾರು ಬೆಳ್ಳನೆಯ ಅನ್ನಕ್ಕೆ ಒಗ್ಗಿ ಹೋಗಿತ್ತು.

ಗದ್ದೆ ಸರಿದು ಚೀಲ ಬಂತು

1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತಿತು. ಮೈಸೂರು ಸಂಸ್ಥಾನದಲ್ಲೂ ಪಡಿತರ, ಲೆವಿ ಶುರುವಾದವು. ಚೀಟಿ ಹಿಡಿದು ಸಾಲಿನಲ್ಲಿ ನಿಂತವರಿಗೆ ಸಿಕ್ಕಿದ ಅಕ್ಕಿಯೇ ಅಕ್ಕಿ, ಅದರ ಬಣ್ಣ ಕೇಳುವ ಸ್ಥಿತಿ ಇರಲಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತ ಮೇಲೆ ಗಂಗಾವತಿ, ಸಿಂಧನೂರು ಕಡೆಯ ಬಯಲು ನೀರಾವರಿಯಾಯಿತು. ಅಲ್ಲಿನ ಸೋನಾ ಮಸೂರಿ ರಾಜ್ಯದ ಪೇಟೆಗಳನ್ನೆಲ್ಲ ತುಂಬಿತು. ಸಣ್ಣ ಕಾಳು, ಹೂವಿನಂತೆ ಅರಳುವ ಅನ್ನ, ಹಳತಾದಷ್ಟೂ ಉದುರು. ಸಾರು ಕಲಸಿದರೆ ಒಳ್ಳೆಯ ಹೊಂದಿಕೆ. ಅದರ ರುಚಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಲೆನಾಡಿನ ದಪ್ಪ ಅಕ್ಕಿ, ಕೆಂಪಕ್ಕಿ ಬಡತನದ ಗುರುತಾಗಿಬಿಟ್ಟವು.

ಮೂಡಿಗೆರೆಯ ಕೃಷಿ ಸಂಶೋಧನಾ ಕೇಂದ್ರ ಗುಡ್ಡಗಾಡಿನ ಭತ್ತಕ್ಕೆಂದೇ ದುಡಿದಿದೆ. ಮಂಜು, ತೇವದ ಈ ಸೀಮೆಯಲ್ಲಿ ಬೆಂಕಿ ರೋಗ ಭತ್ತದ ಮುಖ್ಯ ಶತ್ರು. ಅದನ್ನು ತಡೆಯುವ ಕೆಎಚ್‌ಪಿ ಸರಣಿಯ ತಳಿಗಳು ಅಲ್ಲಿಂದ ಬಂದವು. ಇಂಡೊನೇಷ್ಯಾ ಮೂಲದ ಇಂಟಾನ್ ಮಲೆನಾಡಿನ ಗದ್ದೆಗಳಲ್ಲಿ ಮನೆಮಾತಾಯಿತು. ಆದರೂ ಗದ್ದೆಗಳು ಉಳಿಯಲಿಲ್ಲ. ಭತ್ತದ ಕೊಯ್ಲು ಮತ್ತು ಅರೇಬಿಕಾ ಕೊಯ್ಲು ಎರಡೂ ಡಿಸೆಂಬರಿನ ಆಸುಪಾಸಿಗೆ ಬೀಳುತ್ತವೆ. ಆಳು ಸಿಗುವುದು ಒಂದಕ್ಕೆ, ಮತ್ತು ಅದು ದುಡ್ಡು ತರುವ ಕಾಫಿಗೆ. ಕಾಡುಹಂದಿ, ಮೂಡಿಗೆರೆ ಕಡೆಯಾದರೆ ಆನೆ, ಮಾಗಿದ ತೆನೆಗೆ ಕಾದಿರುತ್ತವೆ. ವರ್ಷ ವರ್ಷ ಗದ್ದೆಗಳು ಅಡಿಕೆ ತೋಟವಾದವು, ಶುಂಠಿಗೆ ಗುತ್ತಿಗೆ ಹೋದವು, ಕೆಲವು ಪಾಳು ಬಿದ್ದವು. ಪಣತ ತುಂಬಿಡುತ್ತಿದ್ದ ಮನೆಗಳು ತಿಂಗಳಿಗೊಂದು ಚೀಲ ಅಕ್ಕಿ ತರಿಸಿಕೊಳ್ಳತೊಡಗಿದವು.

2013ರ ಜುಲೈ 10ರಂದು ರಾಜ್ಯದ ಅನ್ನಭಾಗ್ಯ ಪಡಿತರ ಯೋಜನೆ ಬಂತು, ಆಗ ಅಕ್ಕಿ ಕಿಲೋಗೆ 1 ರೂಪಾಯಿ. ತೋಟದ ಲೈನುಗಳಲ್ಲಿ, ಕೂಲಿಯವರ ಮನೆಗಳಲ್ಲಿ ತಿಂಗಳ ಕೊನೆಯ ಹಸಿವನ್ನು ಅದು ನೀಗಿಸಿತು. ಇದಕ್ಕಿಂತ ದೊಡ್ಡ ಆರೋಗ್ಯ ಸೇವೆ ಬೇರೆ ಬೇಕಿಲ್ಲ. ಬಂದ ಅಕ್ಕಿ ಮಾತ್ರ ಹೆಚ್ಚಾಗಿ ಪಾಲಿಶ್ ಆದ ಬೆಳ್ತಿಗೆ. ಕರಾವಳಿಯ ಜಿಲ್ಲೆಗಳಲ್ಲಿ ಪಡಿತರದಲ್ಲೂ ಕುಚ್ಚಲಕ್ಕಿಯೇ ಬೇಕೆಂಬ ಬೇಡಿಕೆ ಎದ್ದು, ಸ್ಥಳೀಯ ಭತ್ತ ಖರೀದಿಸಿ ಕೊಡುವ ಮಾತುಗಳು ಸರ್ಕಾರದ ಮಟ್ಟದಲ್ಲೂ ನಡೆದವು. ಈಚಿನ ವರ್ಷಗಳಲ್ಲಿ ಪಡಿತರ ಅಕ್ಕಿಯಲ್ಲಿ 100 ಕಾಳಿಗೆ ಒಂದರಂತೆ ಸಾರವರ್ಧಿತ ಕಾಳು ಬೆರೆಸಲಾಗಿದೆ. ಅದರಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಇರುತ್ತವೆ. ಬಣ್ಣ, ಆಕಾರ ತುಸು ಬೇರೆಯಾಗಿ ಕಾಣುವ ಈ ಕಾಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಎಸೆದವರಿದ್ದಾರೆ. ಎಸೆಯಬೇಕಿಲ್ಲ, ಅದು ಅಕ್ಕಿ ಹಿಟ್ಟಿನಿಂದಲೇ ಮಾಡಿದ್ದು. ರಕ್ತಹೀನತೆಗೆ ಅದು ಉದ್ದೇಶಿಸಿದ ಪರಿಹಾರ. ತೌಡಿನೊಡನೆ ಹೋದ ನಾರು, ಬಿ1 ಮಾತ್ರ ಅದರಿಂದ ಮರಳುವುದಿಲ್ಲ.

ಸಕ್ಕರೆ ಕಾಯಿಲೆಯ ಕಾಲದ ಆಯ್ಕೆ

ಬೆರಿಬೆರಿಯ ಭಯ ಈಗ ಇಲ್ಲ. ಅದರ ಜಾಗಕ್ಕೆ ಸಕ್ಕರೆ ಕಾಯಿಲೆ ಬಂದಿದೆ. 2020ರಲ್ಲಿ ಪ್ರಕಟವಾದ ‘ಪ್ಯೂರ್’ ಅಧ್ಯಯನ 21 ದೇಶಗಳ 1,32,373 ಜನರನ್ನು ವರ್ಷಗಟ್ಟಲೆ ಗಮನಿಸಿತು. ದಕ್ಷಿಣ ಏಷ್ಯಾದವರು ಉಣ್ಣುವ ಬಿಳಿ ಅನ್ನ ದಿನಕ್ಕೆ ಸರಾಸರಿ 630 ಗ್ರಾಂ, ಎಲ್ಲರಿಗಿಂತ ಹೆಚ್ಚು. ಹೆಚ್ಚು ಬಿಳಿ ಅನ್ನಕ್ಕೂ ಮಧುಮೇಹಕ್ಕೂ ನಂಟು ಎದ್ದು ಕಂಡದ್ದೂ ಈ ಭಾಗದಲ್ಲೇ. ಗದ್ದೆ, ತೋಟಗಳಲ್ಲಿ ದಿನವಿಡೀ ದುಡಿದವರು ಕರಗಿಸುತ್ತಿದ್ದ ಅನ್ನವನ್ನು ಈಗಿನ ಕೂತು ಮಾಡುವ ಕೆಲಸ ಕರಗಿಸುವುದಿಲ್ಲ.

ಕಂದು ಅಕ್ಕಿಗೆ ಬದಲಾದರೆ ಏನಾಗುತ್ತದೆ? ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನ 2014ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ, ಬಿಳಿ ಅನ್ನದ ಬದಲು ಕಂದು ಅನ್ನ ಉಂಡಾಗ ದಿನವಿಡೀ ರಕ್ತದಲ್ಲಿ ಸಕ್ಕರೆ ಏರುವ ಪ್ರಮಾಣ ಸುಮಾರು 20% ತಗ್ಗಿತು. ಜೊತೆಗೆ ಬೇಳೆಕಾಳು ಸೇರಿಸಿದಾಗ ಸುಮಾರು 23%. ಅದೇ ಸಂಸ್ಥೆಯ 2017ರ ಇನ್ನೊಂದು ಅಧ್ಯಯನ ಕಾಫಿ ಸೀಮೆಯ ಓದುಗರಿಗೆ ಹೆಚ್ಚು ಹತ್ತಿರದ್ದು. ಬೇಯಿಸಿದ ಭತ್ತದಿಂದ ಮಾಡಿದ ಒಂದೇ ತಳಿಯ ಅಕ್ಕಿಯನ್ನು ಮೂರು ಹಂತಗಳಲ್ಲಿ ಪರೀಕ್ಷಿಸಿದರು. ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಹೇಳುವ ಗ್ಲೈಸೆಮಿಕ್ ಸೂಚ್ಯಂಕ ಪಾಲಿಶ್ ಇಲ್ಲದ್ದರದು 57.6, ಬರೀ 2.3% ಪಾಲಿಶ್ ಆದದ್ದರದು 73, ಪೂರ್ತಿ ಬಿಳಿಯದರದು 79.6. ತುಸು ತೌಡು ಹೋದರೂ ಲಾಭದ ಬಹುಪಾಲು ಹೋಗುತ್ತದೆ. ಹಾಗಾಗಿ ಚೀಲದ ಮೇಲೆ ಕುಚ್ಚಲಕ್ಕಿ ಎಂದಿದ್ದರೆ ಸಾಲದು. ಈಗ ಪೇಟೆಗೆ ಬರುವ ಅನೇಕ ಕುಚ್ಚಲಕ್ಕಿಗಳು ಪಾಲಿಶ್ ಆದವೇ. ಕಾಳಿನ ಮೈತುಂಬ ಕೆಂಪು ಇದ್ದರೆ ತೌಡು ಇದೆ, ಅಲ್ಲಲ್ಲಿ ಗೆರೆ ಮಾತ್ರ ಉಳಿದಿದ್ದರೆ ತೌಡು ಹೆಚ್ಚಾಗಿ ಹೋಗಿದೆ. ತುಳುನಾಡಿನವರು ಕಜೆ ಎಂದು ಬೇರೆಯಾಗಿ ಕೇಳಿ ಕೊಳ್ಳುವುದು ಈ ಕಡಿಮೆ ಪಾಲಿಶಿನ ಕೆಂಪಕ್ಕಿಯನ್ನು.

ರುಚಿಯ ವಿಷಯದಲ್ಲಿ ಪ್ರಾಮಾಣಿಕವಾಗಿರಬೇಕು. ತೌಡಿನ ಅಕ್ಕಿ ಬೇಯಲು ಹೊತ್ತು ಬೇಕು, ನೀರೂ ಹೆಚ್ಚು ಬೇಕು. ಬಿಳಿ ಅನ್ನ ಬೇಯಿಸುವ ಹಾಗೆ ಎರಡು ಸೀಟಿ ಕೂಗಿಸಿ ಇಳಿಸಿದವರು ಅದನ್ನು ಒರಟು ಎಂದು ಬದಿಗಿಡುತ್ತಾರೆ. ರಾತ್ರಿ ನೆನೆಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಬಸಿದ ತಿಳಿಯನ್ನು ಚೆಲ್ಲದೆ ಕುಡಿದರೆ ಅದೇ ಅಕ್ಕಿ ಬೇರೆಯಾಗುತ್ತದೆ. ಬಿ1 ನೀರಿನಲ್ಲಿ ಕರಗುವುದರಿಂದ ತಿಳಿಗಂಜಿ ಕುಡಿಯುವ ಹಳೆಯ ಅಭ್ಯಾಸಕ್ಕೆ ಅರ್ಥವಿದೆ. ಹೆಸರುಕಾಳು, ಹುರುಳಿ, ಸೊಪ್ಪಿನ ಸಾರು ಅದರ ಗಡಸುತನಕ್ಕೆ ಚೆನ್ನಾಗಿ ಹೊಂದುತ್ತವೆ. ತಿಳಿಸಾರಿಗೆ, ಚಿತ್ರಾನ್ನಕ್ಕೆ, ರೊಟ್ಟಿಗೆ ಬಿಳಿ ಅಕ್ಕಿಯೇ ಸೈ. ಸಕ್ಕರೆ ಕಾಯಿಲೆ ಇಲ್ಲದವರು ಹಬ್ಬದ ಊಟವನ್ನು ಬಿಳಿ ಅನ್ನದಲ್ಲಿ ಮಾಡಿ ದಿನದ ಒಂದು ಹೊತ್ತನ್ನು ಕೆಂಪು ಕುಚ್ಚಲಕ್ಕಿಗೆ ಬಿಟ್ಟರೆ ಅಜ್ಜಿಯರ ಕಾಲದ ಕ್ರಮಕ್ಕೆ ಹತ್ತಿರ ಬಂದಂತೆ. ಕಾಯಿಲೆ ಇರುವವರಿಗೆ ಅಕ್ಕಿಯ ಬಣ್ಣದಷ್ಟೇ ತಟ್ಟೆಯ ಅಳತೆಯೂ ಮುಖ್ಯ.

ಬೀಜ ಇನ್ನೂ ಇದೆ. ಕಾಸರಗೋಡಿನ ಸತ್ಯನಾರಾಯಣ ಬೇಳೇರಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿ 2024ರಲ್ಲಿ ಪದ್ಮಶ್ರೀ ಪಡೆದರು. ಚಾರ್ಮಾಡಿ ಘಟ್ಟ ಇಳಿದರೆ ಸಿಗುವ ಬೆಳ್ತಂಗಡಿ ತಾಲ್ಲೂಕಿನ ಮಿತ್ತಬಾಗಿಲಿನಲ್ಲಿ ಬಿ. ಕೆ. ದೇವರಾವ್ ನೂರಕ್ಕೂ ಹೆಚ್ಚು ತಳಿಗಳನ್ನು ಬೆಳೆದು ಉಳಿಸಿದರು. ಹಾಸನ ಸೀಮೆಯ ರಾಜಮುಡಿ ಈಗ ನಗರದ ಅಂಗಡಿಗಳಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತಿದೆ. ಮೂಡಿಗೆರೆ, ಕಳಸದ ಉಳಿದ ಗದ್ದೆಗಳಿಗೂ ಅಂಥ ಬೆಲೆ ಸಿಗಬೇಕಾದರೆ ಊರಿನಲ್ಲೇ ಸಣ್ಣ ಪ್ರಮಾಣದ ರಬ್ಬರ್ ಉರುಳೆಯ ಮಿಲ್ಲು ಬೇಕು. ನಾಲ್ಕು ಚೀಲ ಭತ್ತ ತಂದ ರೈತ ಬೇಯಿಸಿದ ಭತ್ತಕ್ಕೆ ಉಮಿ ಮಾತ್ರ ಬಿಡಿಸಿಕೊಡಿ ಎಂದು ಕೇಳಿದರೆ ಅದನ್ನು ಮಾಡಿಕೊಡುವ ಯಂತ್ರ ಅದು. ಕಾಫಿಗೆ ಕ್ಯೂರಿಂಗ್ ವರ್ಕ್ಸ್ ಕಟ್ಟಿದ ಜಿಲ್ಲೆಗೆ ಇದು ದೊಡ್ಡ ಮಾತಲ್ಲ. ಸಹಕಾರ ಸಂಘಗಳು ಮನಸ್ಸು ಮಾಡಿದರೆ ಆಗುತ್ತದೆ. ಕರಾವಳಿಯವರು ಪಡಿತರದಲ್ಲಿ ಕೇಳಿದ ಕುಚ್ಚಲಕ್ಕಿಯ ಆಯ್ಕೆಯನ್ನು ಘಟ್ಟದ ಮೇಲಿನ ಈ ತಾಲ್ಲೂಕುಗಳಿಗೂ ಕೊಡಬೇಕು. ಹೆಚ್ಚು ಬೆಲೆಯ ಕೆಂಪಕ್ಕಿ ಕೊಳ್ಳಲಾಗದ ತೋಟದ ಲೈನಿನ ಮನೆಗಳಿಗೆ ಅದು ಸಿಗಲು ಬೇರೆ ದಾರಿ ಇಲ್ಲ.